ರೋಗಿಯ ಗುಟ್ಟು ಮತ್ತು ಔಷಧಿ ಕೌಂಟರ್: ಎಲ್ಲಿವರೆಗೆ ಹೇಳಬಹುದು, ಎಲ್ಲಿ ಬಾಯಿ ಮುಚ್ಚಬೇಕು?

ಹೊಸ ಕೌಂಟರ್

ಎಲ್ಲರಿಗೂ ನಮಸ್ಕಾರ. ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಕಳೆದ ವಾರ ಒಂದು ತಪ್ಪು ಮಾಡಿದೆ. ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಈ ಫೋರಂನಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಒಂದು ಫೋನ್ ಬಂತು. ಹೆಂಗಸಿನ ದನಿ. "ನಮ್ಮನೆಯವರು ನಿನ್ನೆ ನಿಮ್ಮಲ್ಲಿ ಮಾತ್ರೆ ತಗೊಂಡಿದ್ದಾರೆ. ಬಿಲ್ ಎಲ್ಲೋ ಹೋಗಿದೆ. ಯಾವ ಮಾತ್ರೆ ಅಂತ ಸ್ವಲ್ಪ ನೋಡಿ ಹೇಳ್ತೀರಾ?" ಹೆಸರು ಹೇಳಿದರು, ಮೊಬೈಲ್ ನಂಬರ್ ಹೇಳಿದರು, ಎರಡೂ ಸರಿ ಇತ್ತು. ಕಂಪ್ಯೂಟರ್ ನೋಡಿ "ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ" ಅಂದೆ. ಥ್ಯಾಂಕ್ಸ್ ಹೇಳಿ ಇಟ್ಟರು. ಒಳ್ಳೇ ಕೆಲಸ ಮಾಡಿದೆ ಅಂತಲೇ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಅವರ ಗಂಡ ಬಂದರು. ಕೂಗಾಡಲಿಲ್ಲ. "ಫೋನಲ್ಲಿ ಹೇಳಿದ್ದು ನೀವೇನಾ?" ಅಂತ ಕೇಳಿದರು. ಅವರಿಗೆ ಅದನ್ನು ಕೊಟ್ಟಿದ್ದು ಮೈಗ್ರೇನ್ ತಲೆನೋವಿಗೆ. ಮನೆಯಲ್ಲಿ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬಂದಿದ್ದು ಖಿನ್ನತೆಯ ಔಷಧಿ ಅಂತ. "ನಾಲ್ಕು ದಿನದಿಂದ ಮನೆಯಲ್ಲಿ ಎಲ್ಲರೂ ನನ್ನ ಜೊತೆ ಮೆಲ್ಲಗೆ ಮಾತಾಡ್ತಿದ್ದಾರೆ" ಅಂದರು. ನನಗೆ ನಿಂತಲ್ಲೇ ಕುಸಿದ ಹಾಗಾಯಿತು.

ನಮ್ಮ ಓನರ್ "ಇನ್ಮೇಲೆ ನೀನು ಫೋನ್ ಎತ್ತಬೇಡ" ಅಂದರು. ಅಷ್ಟೇ. ನಿಯಮ ಏನು ಅಂತ ಯಾರೂ ಹೇಳಲಿಲ್ಲ. ಫೋನ್ ಎತ್ತದಿದ್ದರೆ ಸಾಕಾ? ಎದುರಿಗೆ ಬಂದು ಕೇಳಿದರೆ? ಅನುಭವ ಇರುವವರು ಹೇಳಿ ಪ್ಲೀಸ್.

ಬಿಳಿ ಕೋಟು

22 ವರ್ಷದಿಂದ ಫಾರ್ಮಸಿಸ್ಟ್. ಈ ತಪ್ಪು ಮಾಡದ ಒಬ್ಬ ಫಾರ್ಮಸಿಸ್ಟನ್ನೂ ನಾನು ನೋಡಿಲ್ಲಮ್ಮ. ಒಂದೋ ಸಿಕ್ಕಿಬಿದ್ದಿರುತ್ತಾರೆ, ಇಲ್ಲಾ ಸಿಕ್ಕಿಬಿದ್ದಿರಲ್ಲ.

ಕೌಂಟರಿನಲ್ಲಿ ಕೂತವರು ಮರೆಯುವ ವಿಷಯ ಒಂದಿದೆ. ನಮಗೆ ಅದು ಬರೀ ಮಾತ್ರೆಯ ಹೆಸರು. ಕೇಳಿಸಿಕೊಂಡವರಿಗೆ ಅದು ಕಾಯಿಲೆಯ ಹೆಸರು. ಡೊಲುಟೆಗ್ರಾವಿರ್ ಅಂದರೆ ಎಚ್‌ಐವಿ, ಲಿಥಿಯಂ ಅಂದರೆ ಮನಸ್ಸಿನ ಕಾಯಿಲೆ, ಮೆಟ್‌ಫಾರ್ಮಿನ್ ಅಂದರೆ ಶುಗರ್. ಅದೂ ಎಷ್ಟೋ ಸಲ ತಪ್ಪು ಊಹೆ. ಮೆಟ್‌ಫಾರ್ಮಿನ್ ಪಿಸಿಒಎಸ್ ಅನ್ನುವ ಅಂಡಾಶಯದ ತೊಂದರೆ ಇರುವ ಹುಡುಗಿಯರಿಗೂ ಕೊಡುತ್ತಾರೆ. ಅಮಿಟ್ರಿಪ್ಟಿಲಿನ್ ನರದ ನೋವಿಗೂ ಕೊಡುತ್ತಾರೆ, ಮೈಗ್ರೇನ್ ಬಾರದ ಹಾಗೆ ತಡೆಯಲಿಕ್ಕೂ ಕೊಡುತ್ತಾರೆ, ಅದೂ ಕಡಿಮೆ ಡೋಸಿನಲ್ಲಿ. ನೀವು ಹೇಳಿದ 10 ಮಿಲಿಗ್ರಾಂ ಅಂಥದ್ದೇ.

ಫೋನಿಗೆ ನಮ್ಮಲ್ಲಿ ಒಂದೇ ಉತ್ತರ: "ಯಾರ ಔಷಧಿ ವಿಷಯವನ್ನೂ ನಾವು ಫೋನಲ್ಲಿ ಹೇಳಲ್ಲ. ಅವರೇ ಬರಲಿ, ಇಲ್ಲಾ ನಮ್ಮಲ್ಲಿ ಬರೆಸಿರುವ ಅವರ ನಂಬರಿಗೆ ನಾವೇ ಫೋನ್ ಮಾಡ್ತೀವಿ." ಇದರಲ್ಲಿ "ಯಾರ" ಅನ್ನುವ ಮಾತು ಮುಖ್ಯ. ಹತ್ತು ಜನಕ್ಕೆ ಹೇಳಿ ಹನ್ನೊಂದನೆಯವರಿಗೆ ಮಾತ್ರ "ಇದನ್ನು ಹೇಳಕ್ಕಾಗಲ್ಲ" ಅಂದರೆ ಹೇಳಿದಂತೆಯೇ ಆಯಿತು.

ಇನ್ನೊಂದು. "ಅವರು ನಮ್ಮಲ್ಲಿಗೆ ಬರುತ್ತಾರೆ" ಅಥವಾ "ನಿನ್ನೆ ಬಂದಿದ್ದರು" ಅನ್ನುವುದೂ ಮಾಹಿತಿಯೇ. ಜನಕ್ಕೆ ಇದು ಅರ್ಥವೇ ಆಗಲ್ಲ.

ನೇರ ಮಾತು

ಬೈಯಬೇಡಿ, ನನಗೆ ಇದು ಸ್ವಲ್ಪ ಅತಿ ಅನ್ನಿಸುತ್ತದೆ. ಕೇಳಿದ್ದು ಹೆಂಡತಿ, ದಾರಿಹೋಕರಲ್ಲ. ನಾಳೆ ಆ ಮನುಷ್ಯ ತಲೆ ಸುತ್ತಿ ಬಿದ್ದರೆ ಆಸ್ಪತ್ರೆಗೆ ಎತ್ತಿಕೊಂಡು ಹೋಗುವವಳು ಅವಳೇ ಅಲ್ವಾ? ಅವಳಿಗೆ ಗೊತ್ತಿರಬಾರದಾ?

ಇಲ್ಲಿ ಆದ ತೊಂದರೆ ಹೇಳಿದ್ದರಿಂದಲ್ಲ, ಅರ್ಧ ಹೇಳಿದ್ದರಿಂದ. "ಇದನ್ನು ತಲೆನೋವಿಗೂ ಕೊಡ್ತಾರೆ" ಅಂತ ಒಂದು ಮಾತು ಸೇರಿಸಿದ್ದರೆ ಮುಗಿದಿತ್ತು.

ಬಿಳಿ ಕೋಟು

ಹಾಗಲ್ಲ ಸ್ವಾಮಿ. ಕೌಂಟರಿನ ಆ ಹುಡುಗಿಗೆ, ಮಾತ್ರೆ ಯಾವುದಕ್ಕೆ ಕೊಟ್ಟಿದ್ದು ಅಂತ ಗೊತ್ತೇ ಇರಲಿಲ್ಲ. ಎಷ್ಟೋ ಚೀಟಿಯಲ್ಲಿ ಕಾಯಿಲೆ ಬರೆದಿರುವುದಿಲ್ಲ. "ತಲೆನೋವಿಗೂ ಕೊಡ್ತಾರೆ" ಅಂದಿದ್ದು, ಅದು ನಿಜಕ್ಕೂ ಖಿನ್ನತೆಗೇ ಆಗಿದ್ದರೆ? ಆಗ ಹೆಂಡತಿಗೆ ಸುಳ್ಳು ಸಮಾಧಾನ, ಗಂಡನಿಗೆ ಇನ್ನೊಂದು ಕಷ್ಟ. ಗೊತ್ತಿಲ್ಲದ್ದನ್ನು ವಿವರಿಸುವುದು ಇನ್ನೂ ಅಪಾಯ.

ಹೆಂಡತಿಗೆ ಗೊತ್ತಿರಬೇಕು ಅನ್ನುವುದು ಒಪ್ಪಿದೆ. ಆದರೆ ಅದನ್ನು ಹೇಳಬೇಕಾದವರು ಗಂಡ. ನಾವಲ್ಲ. ಮತ್ತೆ, ಫೋನ್ ಮಾಡಿದವರು ಹೆಂಡತಿಯೇ ಅಂತ ಹೇಗೆ ಗೊತ್ತಾಯಿತು? ಹೆಸರು ಮತ್ತು ನಂಬರ್ ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರಿಗೂ ಗೊತ್ತಿರುತ್ತದೆ.

ಔಷಧಿ ತಗೊಳ್ಳೋಳು

ನಾನು ಕೌಂಟರಿನ ಈಚೆ ಕಡೆಯವಳು. ಓದ್ತಾ ಓದ್ತಾ ಬರೆಯಬೇಕು ಅನ್ನಿಸಿತು.

ಹೆರಿಗೆಯಾದ ಮೇಲೆ ನನಗೆ ಮನಸ್ಸು ಸರಿ ಇರಲಿಲ್ಲ. ಡಾಕ್ಟರ್ ಮಾತ್ರೆ ಬರೆದರು. ಅಂಗಡಿಯಲ್ಲಿ ನನ್ನ ಹಿಂದೆ ಆರು ಜನ. ಕೌಂಟರಿನ ಹುಡುಗ ಒಳಗಿದ್ದವನಿಗೆ ಕೂಗಿದ: "ಆ ಡಿಪ್ರೆಶನ್ ಮಾತ್ರೆ ಸ್ಟಾಕ್ ಇದೆಯಾ ನೋಡೋ, ಇಲ್ಲೊಬ್ರು ಮೇಡಂ ಕೇಳ್ತಿದ್ದಾರೆ!" ಅವನಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಪಾಪ. ಮಾತ್ರೆ ತಗೊಂಡು ಬಂದೆ. ಆ ಪಟ್ಟಿ (ಸ್ಟ್ರಿಪ್) ಮುಗಿದ ಮೇಲೆ ಮತ್ತೆ ಹೋಗಲೇ ಇಲ್ಲ. ಬೇರೆ ಅಂಗಡಿಗೆ ಹೋಗುವ ಧೈರ್ಯವೂ ಬರಲಿಲ್ಲ. ಐದು ತಿಂಗಳು ಮಾತ್ರೆ ಇಲ್ಲದೆ ಕಳೆದೆ. ಆ ಐದು ತಿಂಗಳನ್ನು ಇಲ್ಲಿ ಬರೆಯಲು ಇಷ್ಟವಿಲ್ಲ.

ನಿಮ್ಮ ನಿಯಮ ಏನೇ ಇರಲಿ, ನನಗೆ ಬೇಕಿದ್ದಿದ್ದು ದನಿ ಸ್ವಲ್ಪ ಕಡಿಮೆ ಮಾಡುವುದು. ಅಷ್ಟೇ.

ರಾತ್ರಿ ಪಾಳಿ

ಮೇಲಿನ ಮೇಡಂ ಬರೆದಿದ್ದನ್ನು ಪ್ರಿಂಟ್ ಹಾಕಿ ನಮ್ಮ ಡಿಸ್ಪೆನ್ಸಿಂಗ್ ಕೋಣೆಯಲ್ಲಿ ಅಂಟಿಸಬೇಕು ಅನ್ನಿಸುತ್ತಿದೆ. ಅಂಟಿಸಲ್ಲ, ಅದೂ ಅವರ ಖಾಸಗಿ ಮಾತೇ.

ಆಸ್ಪತ್ರೆ ಫಾರ್ಮಸಿಯಲ್ಲಿದ್ದೇನೆ. ನಾವು ಮಾಡಿಕೊಂಡಿರುವ ಕೆಲವು ಅಭ್ಯಾಸ ಹೇಳುತ್ತೇನೆ. ದುಡ್ಡು ಖರ್ಚಿಲ್ಲ.

ಮಾತ್ರೆಯ ಹೆಸರನ್ನು ಬಾಯಿಂದ ಹೇಳುವುದು ಕಡಿಮೆ. ಪಟ್ಟಿಯನ್ನು ರೋಗಿಯ ಕಡೆ ತಿರುಗಿಸಿ ಬೆರಳಿಟ್ಟು "ಇದು ಬೆಳಿಗ್ಗೆ ಒಂದು, ಇದು ರಾತ್ರಿ ಮಲಗುವ ಮುಂಚೆ" ಅನ್ನುತ್ತೇವೆ. ಸ್ಟಾಕ್ ಕೇಳಬೇಕಾದರೆ ಕೂಗುವುದಿಲ್ಲ, ಎದ್ದು ಹೋಗಿ ನೋಡುತ್ತೇವೆ. ಗುರುತು ಖಚಿತ ಮಾಡಿಕೊಳ್ಳುವಾಗ ನಾವು ಓದಿ "ಸರಿನಾ?" ಅಂತ ಕೇಳಲ್ಲ. "ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ ಹೇಳಿ" ಅಂತೀವಿ. ಇದರಿಂದ ಎರಡು ಲಾಭ. ನಮ್ಮ ಬಾಯಿಂದ ವಿಷಯ ಹೊರಬೀಳಲ್ಲ. ಸುಮ್ನೆ ತಲೆ ಆಡಿಸಿ ಬೇರೆಯವರ ಪೊಟ್ಟಣ ತಗೊಂಡು ಹೋಗುವುದೂ ತಪ್ಪುತ್ತದೆ. ಒಂದೇ ಹೆಸರಿನ ಇಬ್ಬರು ಒಂದೇ ದಿನ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಅದಲುಬದಲಾದ ಪೊಟ್ಟಣದಲ್ಲಿ ತಪ್ಪು ಔಷಧಿ ಮಾತ್ರ ಇರಲ್ಲ, ಇನ್ನೊಬ್ಬರ ಇಡೀ ಕಾಯಿಲೆಯೂ ಇರುತ್ತದೆ.

ಕಷ್ಟ ಬರುವುದು ಕಿವಿ ಕೇಳದ ಹಿರಿಯರ ಹತ್ತಿರ. ಮೆಲ್ಲಗೆ ಹೇಳಿದರೆ ಕೇಳಲ್ಲ, ಜೋರಾಗಿ ಹೇಳಿದರೆ ಸಾಲಿಗೆಲ್ಲ ಕೇಳುತ್ತದೆ. ನಾವು ದಪ್ಪ ಅಕ್ಷರದಲ್ಲಿ ಬರೆದು ತೋರಿಸುತ್ತೇವೆ. ಆ ಕಾಗದವನ್ನು ಅವರ ಕೈಗೇ ಕೊಡುತ್ತೇವೆ, ಕೌಂಟರ್ ಮೇಲೆ ಬಿಡುವುದಿಲ್ಲ.

ಹೊಸ ಕೌಂಟರ್

ಎಲ್ಲರಿಗೂ ಥ್ಯಾಂಕ್ಸ್. ಔಷಧಿ ತಗೊಳ್ಳೋಳು ಅವರೇ, ನಾನೂ ಹಾಗೆ ಕೂಗಿದ್ದೇನೆ. ಒಂದಲ್ಲ, ಹಲವು ಸಲ. ಕ್ಷಮಿಸಿ.

ಒಂದು ಅನುಮಾನ. ಮಗ ಬಂದು ಅಮ್ಮನ ಔಷಧಿ ತಗೊಂಡು ಹೋಗುತ್ತಾನೆ. ಅಣ್ಣ ತಂಗಿಯದ್ದು, ಪಕ್ಕದ ಮನೆಯವರು ಅಜ್ಜಿಯದ್ದು. ಎಲ್ಲರಿಗೂ ಕೊಡಲ್ಲ ಅಂದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಕಾನೂನು ಕಣ್ಣು

ಕೊಡಬಹುದು. ಔಷಧಿ ಕೊಡುವುದು ಬೇರೆ, ಮಾಹಿತಿ ಕೊಡುವುದು ಬೇರೆ.

ರೋಗಿಯ ಮಾಹಿತಿ ಕಾಪಾಡುವ ಅಮೆರಿಕದ ಹಿಪಾ ಕಾಯಿದೆ ಎಲ್ಲರೂ ಬಾಯಲ್ಲಿ ಆಡುವ ಹೆಸರು. ಕಾಯಿದೆ 1996ರದ್ದು. ಅದರಡಿಯ ಖಾಸಗಿತನದ ನಿಯಮಗಳನ್ನು 2003ರಿಂದ ಪಾಲಿಸಬೇಕಾಯಿತು. ಅಷ್ಟು ಬಿಗಿ ಅಂತ ಹೆಸರಾದ ಆ ನಿಯಮದಲ್ಲೂ ಮನೆಯವರು, ಸ್ನೇಹಿತರು ಬಂದು ರೋಗಿಯ ಪರವಾಗಿ ಔಷಧಿ ತಗೊಳ್ಳಬಹುದು. ಫಾರ್ಮಸಿಸ್ಟ್ ತನ್ನ ವಿವೇಚನೆ ಬಳಸಬೇಕು ಅಂತಿದೆ. ಒಬ್ಬ ಬಂದು ಇಂಥವರ ಔಷಧಿ ಕೊಡಿ ಅಂದರೆ, ಆತ ಅವರ ಆರೈಕೆಯಲ್ಲಿ ಭಾಗಿಯಾಗಿದ್ದಾನೆ ಅಂತ ತಿಳಿಯಬಹುದು. ಪೊಟ್ಟಣ ಕೊಡಿ. ಅಷ್ಟರಿಂದ "ಇದು ಯಾಕೆ ಬರೆದಿದ್ದಾರೆ, ಹಿಂದೆ ಏನೇನು ತಗೊಂಡಿದ್ದಾರೆ" ಅಂತ ಕೇಳುವ ಹಕ್ಕು ಅವನಿಗೆ ಬರುವುದಿಲ್ಲ.

ಅಮ್ಮನಿಗೆ ದಿನಾ ಮಾತ್ರೆ ಕೊಡುವವನೇ ಮಗ ಆಗಿದ್ದರೆ ಅವನಿಗೆ ತಿಳಿಯಬೇಕಾದ್ದು ತಿಳಿಯಲೇಬೇಕು: ಯಾವಾಗ, ಎಷ್ಟು, ಯಾವುದರ ಜೊತೆ ಬೇಡ, ಏನಾದರೆ ಡಾಕ್ಟರಿಗೆ ಫೋನ್ ಮಾಡಬೇಕು. ಈ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು. ಪಕ್ಕದ ಮನೆಯವರು ಬರೀ ತಂದುಕೊಡುವವರಾದರೆ ಅವರಿಗೆ ಮುಚ್ಚಿದ ಪೊಟ್ಟಣ ಸಾಕು, ಮಿಕ್ಕಿದ್ದನ್ನು ಅಜ್ಜಿಗೇ ಫೋನಿನಲ್ಲಿ ಹೇಳಿ.

ನೇರ ಮಾತು

ಸರಿ, ಇದು ತಲೆಗೆ ಹೋಯಿತು. ಆದರೆ ಪೊಟ್ಟಣ ಮುಚ್ಚಿದ್ದರೂ ಒಳಗೆ ಬಿಲ್ ಇರುತ್ತದಲ್ಲ?

ಕಾನೂನು ಕಣ್ಣು

ಇರುತ್ತದೆ. ಸ್ಟೇಪಲ್ ಹಾಕಿ. ತೆಗೆದು ನೋಡುವವನನ್ನು ನಾವು ತಡೆಯಲಾಗುವುದಿಲ್ಲ, ನೋಡದೆ ಇರುವವನಿಗೆ ತೋರಿಸದೆ ಇರಬಹುದು.

ಹಿಪಾ ಭಾರತಕ್ಕೆ ಅನ್ವಯಿಸುವುದಿಲ್ಲ, ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಹಾಗಂತ ಭಾರತದಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ, ನಂಬಿಕೆಯಿಂದ ತಿಳಿಸಿದ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ. ಅದೂ ಬರಹದಲ್ಲಿ ದಾಖಲಾದ ಒಪ್ಪಿಗೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆಯ 23ನೇ ಸೆಕ್ಷನ್ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಡುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ 2017ರಲ್ಲೇ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನುವ ಮಾಹಿತಿ ರಕ್ಷಣೆಯ ಕಾನೂನು ಆರೋಗ್ಯದ ಮಾಹಿತಿಯನ್ನು ವಿಶೇಷ ವರ್ಗಕ್ಕೆ ಸೇರಿಸಿದೆ, ಮಾಮೂಲಿ ಹೆಸರು ವಿಳಾಸಕ್ಕಿಂತ ಜಾಸ್ತಿ ಕಾಪಾಡಬೇಕು ಅಂತ.

ಒಂದು ಸ್ವಾರಸ್ಯ ಹೇಳಿ ಮುಗಿಸುತ್ತೇನೆ. ಹಿಪಾದಲ್ಲಿ ರೋಗಿ ಸತ್ತು 50 ವರ್ಷ ಆಗುವವರೆಗೂ ಅವರ ಮಾಹಿತಿಗೆ ರಕ್ಷಣೆ ಇದೆ. "ಅವರು ಹೋಗಿಬಿಟ್ಟರಲ್ಲ, ಈಗ ಹೇಳಿದರೇನು" ಅನ್ನುವ ಹಾಗಿಲ್ಲ.

ಹಳೇ ಕಡತ

ಎಲ್ಲರೂ ಬಾಯಿಯ ಬಗ್ಗೆ ಹೇಳಿದಿರಿ. ನಾನು ಕಸದ ಬುಟ್ಟಿಯ ಬಗ್ಗೆ ಹೇಳುತ್ತೇನೆ. ಔಷಧಿ ಅಂಗಡಿಗಳ ಲೆಕ್ಕಪತ್ರ ನೋಡುವವನು ನಾನು, ಗುಟ್ಟು ಎಲ್ಲಿ ಸೋರುತ್ತದೆ ಅಂತ ನನಗೆ ಗೊತ್ತು.

ಅಮೆರಿಕದ ದೊಡ್ಡ ಔಷಧಿ ಅಂಗಡಿ ಸರಪಳಿ ಸಿವಿಎಸ್ 2009ರಲ್ಲಿ 22.5 ಲಕ್ಷ ಡಾಲರ್ ಕಟ್ಟಿ ಒಂದು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಮಾರನೇ ವರ್ಷ ರೈಟ್ ಏಡ್ 10 ಲಕ್ಷ ಡಾಲರ್ ಕಟ್ಟಿತು. ಕಂಪ್ಯೂಟರ್ ಹ್ಯಾಕ್ ಆಗಿತ್ತಾ? ಇಲ್ಲ. ರೋಗಿಯ ಹೆಸರಿರುವ ಲೇಬಲ್, ಖಾಲಿ ಸೀಸೆಗಳನ್ನು ಯಾರು ಬೇಕಾದರೂ ಕೈಹಾಕಬಹುದಾದ ಕಸದ ಡಬ್ಬಿಗೆ ಎಸೆದಿದ್ದರು. ಟಿವಿ ವರದಿಗಾರರು ಡಬ್ಬಿ ಕೆದಕಿದರು, ಸಿಕ್ಕಿತು.

2019ರಲ್ಲಿ ಲಂಡನ್ನಿನ ಡೋರ್‌ಸ್ಟೆಪ್ ಡಿಸ್ಪೆನ್ಸರಿ ಅನ್ನುವ ಫಾರ್ಮಸಿಗೆ 2,75,000 ಪೌಂಡ್ ದಂಡ ಬಿತ್ತು. ಬೀಗ ಇಲ್ಲದ ಪೆಟ್ಟಿಗೆಗಳಲ್ಲಿ ರೋಗಿಗಳ ಕಾಗದ ಹಿತ್ತಲಿನಲ್ಲಿ ಬಿದ್ದಿತ್ತು, ಕೆಲವು ನೀರಲ್ಲಿ ನೆನೆದಿದ್ದವು. ಸುಮಾರು 5 ಲಕ್ಷ ಕಾಗದ ಅಂತ ಅಧಿಕಾರಿಗಳು ಅಂದಾಜು ಮಾಡಿದ್ದರು. ಮೇಲ್ಮನವಿಯಲ್ಲಿ ಅಷ್ಟು ಇರಲಿಲ್ಲ ಅಂತ ಗೊತ್ತಾಗಿ ದಂಡ 92,000 ಪೌಂಡಿಗೆ ಇಳಿಯಿತು. ಇಳಿದರೂ ಅದು ಕಾಗದ ಚೂರು ಮಾಡುವ ಒಂದು ಒಳ್ಳೆ ಶ್ರೆಡರ್ ಯಂತ್ರಕ್ಕಿಂತ ತುಂಬಾ ಜಾಸ್ತಿ.

ಹೆಸರಿನ ಮೇಲೆ ಕಪ್ಪು ಮಾರ್ಕರ್ ಎಳೆದರೆ ಸಾಕು ಅನ್ನುವವರು ಆ ಕಾಗದವನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ.

ಭಾರತದಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಕೆಲವು ಔಷಧಿಗಳ ಸರ್ಕಾರಿ ಪಟ್ಟಿಯಾದ ಶೆಡ್ಯೂಲ್ ಎಚ್‌1 ಔಷಧಿಗಳಿಗೆ ರಿಜಿಸ್ಟರ್ ಇಡಬೇಕು. ರೋಗಿಯ ಹೆಸರು, ಡಾಕ್ಟರ ಹೆಸರು, ಔಷಧಿ, ಎಷ್ಟು ಕೊಟ್ಟಿದ್ದು ಎಲ್ಲ ಬರೆದು 3 ವರ್ಷ ಕಾಪಾಡಬೇಕು. ಕಾನೂನು ಪಾಲಿಸಲು ಇಟ್ಟ ಪುಸ್ತಕ ಅದು. ಎಷ್ಟು ಕಡೆ ಅದು ಕೌಂಟರ್ ಮೇಲೆ ಬಿಚ್ಚಿಕೊಂಡು ಬಿದ್ದಿರುತ್ತದೆ ಅಂದರೆ, ಚಿಲ್ಲರೆಗೆ ಕಾಯುವಾಗ ಗಿರಾಕಿಗಳು ಓದುತ್ತಾ ನಿಂತಿರುತ್ತಾರೆ.

ಸ್ಕೂಟರ್ ಸವಾರ

ಡೆಲಿವರಿ ಮಾಡುವವನು ನಾನು. ನಮ್ಮನ್ನು ಯಾರೂ ಫಾರ್ಮಸಿಯವರು ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಆದರೆ ಯಾರ ಮನೆಗೆ ಏನು ಹೋಗುತ್ತದೆ ಅಂತ ನನಗೆ ಗೊತ್ತಾಗುತ್ತದೆ.

ಮೊದಲು ಪೊಟ್ಟಣದ ಮೇಲೇ ಬಿಲ್ ಅಂಟಿಸಿ ಕೊಡುತ್ತಿದ್ದರು. ಒಂದು ಸಲ ಮನೆಯಲ್ಲಿ ಯಾರೂ ಇರಲಿಲ್ಲ, ಸೆಕ್ಯೂರಿಟಿಯವರ ಹತ್ತಿರ ಕೊಟ್ಟು ಬಂದೆ. ಸಂಜೆ ಆ ಹುಡುಗಿ ಅಂಗಡಿಗೆ ಫೋನ್ ಮಾಡಿ ಅತ್ತಳಂತೆ. ಗರ್ಭ ಪರೀಕ್ಷೆಯ ಕಿಟ್ ಅದು. ಬಿಲ್ಲಿನ ಮೇಲೆ ಫ್ಲ್ಯಾಟ್ ನಂಬರ್ ಸಮೇತ ಇತ್ತು.

ಈಗ ಬಿಲ್ ಒಳಗೆ ಹಾಕುತ್ತಾರೆ, ಹೊರಗೆ ಹೆಸರು ಮತ್ತು ವಿಳಾಸ ಮಾತ್ರ. ಮನೆಯಲ್ಲಿ ಇಲ್ಲದಿದ್ದರೆ ಅವರಿಗೇ ಫೋನ್ ಮಾಡಿ "ಯಾರ ಹತ್ತಿರ ಕೊಡಲಿ?" ಅಂತ ಕೇಳುತ್ತೇನೆ. ಬಾಗಿಲು ತೆಗೆದವರು "ಏನಿದು?" ಅಂದರೆ "ಪಾರ್ಸಲ್" ಅಂತೀನಿ. ಇಷ್ಟೇ ಕಲಿತಿದ್ದು.

ರಾತ್ರಿ ಪಾಳಿ

ಸವಾರರೇ, ನೀವು ಕಲಿತಿದ್ದನ್ನು ಎಷ್ಟೋ ಡಿಗ್ರಿ ತಗೊಂಡವರೂ ಕಲಿತಿಲ್ಲ.

ಇನ್ನೊಂದು ರೋಗ ಇದೆ. ವಾಟ್ಸಾಪ್ ಗ್ರೂಪ್. "ಈ ಅಕ್ಷರ ಯಾರಿಗಾದ್ರೂ ಗೊತ್ತಾಗುತ್ತಾ?" ಅಂತ ಇಡೀ ಚೀಟಿಯ ಫೋಟೋ. ರೋಗಿಯ ಹೆಸರು, ವಯಸ್ಸು, ಡಾಕ್ಟರ್, ಕಾಯಿಲೆ ಎಲ್ಲ ಕಾಣುತ್ತದೆ. ಗ್ರೂಪಿನಲ್ಲಿ 180 ಜನ. ಅದರಲ್ಲಿ ಮೂರು ಜನ ಈಗ ಫಾರ್ಮಸಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಫೋಟೋ ಎಲ್ಲರ ಗ್ಯಾಲರಿಗೂ ತಾನಾಗೇ ಇಳಿಯುತ್ತದೆ, ಅವರ ಮಕ್ಕಳು ಫೋನ್ ಆಡುತ್ತಾರೆ.

ಅಕ್ಷರ ಗೊತ್ತಾಗದಿದ್ದರೆ ಬರೆದ ಡಾಕ್ಟರಿಗೆ ಫೋನ್ ಮಾಡಿ. ಗೊತ್ತು, ಎತ್ತಲ್ಲ. ಆದರೂ ಮಾಡಿ. ಗ್ರೂಪಿನ ಬಹುಮತದಿಂದ ಔಷಧಿ ತೀರ್ಮಾನ ಮಾಡುವುದು ಹೇಗೂ ಅಪಾಯವೇ ಅಲ್ವಾ? ಖಾಸಗಿತನ ಆಮೇಲಿನ ಮಾತು.

ನೇರ ಮಾತು

ನಾನು ಇಲ್ಲಿ ಖಳನಾಯಕ ಆಗಿಬಿಟ್ಟಿದ್ದೇನೆ, ಇರಲಿ. ಒಂದು ನಡೆದ ವಿಷಯ ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ಬಿದ್ದು ತಲೆಗೆ ಪೆಟ್ಟಾಯಿತು. ಪ್ರಜ್ಞೆ ಇರಲಿಲ್ಲ. ರಕ್ತ ತೆಳುವಾಗುವ ಯಾವುದೋ ಮಾತ್ರೆ ತಗೊಳ್ಳುತ್ತಿದ್ದರು ಅಂತ ಚಿಕ್ಕಮ್ಮನಿಗೆ ಗೊತ್ತು, ಹೆಸರು ಗೊತ್ತಿಲ್ಲ. ತುರ್ತು ವಿಭಾಗದ ಡಾಕ್ಟರೇ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವರು "ರೋಗಿಯ ಮಾಹಿತಿ ಕೊಡೋ ಹಾಗಿಲ್ಲ" ಅಂದರು! ನಾನೇ ಓಡಿ ಹೋಗಿ ಗಲಾಟೆ ಮಾಡಿ ಹೆಸರು ತಂದೆ. ಅರ್ಧ ಗಂಟೆ ಹೋಯಿತು. ಅದಕ್ಕೇ ನನಗೆ ಈ ಖಾಸಗಿತನ ಅನ್ನುವ ಪದ ಕೇಳಿದರೆ ಮೈ ಉರಿಯುತ್ತದೆ.

ಬಿಳಿ ಕೋಟು

ಇದನ್ನು ಮೊದಲೇ ಹೇಳಿದ್ದರೆ ನಿಮ್ಮ ಜೊತೆ ಅಷ್ಟು ವಾದ ಮಾಡುತ್ತಿರಲಿಲ್ಲ.

ಆ ಅಂಗಡಿಯವರು ಮಾಡಿದ್ದು ಪೂರ್ತಿ ತಪ್ಪು. ಚಿಕಿತ್ಸೆ ಮಾಡುತ್ತಿರುವವರಿಗೆ ಮಾಹಿತಿ ಕೊಡುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಹಿಪಾದಲ್ಲೂ ಅದಕ್ಕೆ ರೋಗಿಯ ಪ್ರತ್ಯೇಕ ಅನುಮತಿ ಬೇಡ. ರಕ್ತ ತೆಳು ಮಾಡುವ ಹಳೇ ಮಾತ್ರೆ ವಾರ್ಫರಿನ್ ತಗೊಳ್ಳುವವರಿಗೆ ತಲೆಯೊಳಗೆ ರಕ್ತ ಸೋರುತ್ತಿದ್ದರೆ ವಿಟಮಿನ್ ಕೆ ಮತ್ತೆ ಬೇರೆ ಔಷಧಿ ಕೊಟ್ಟು ಅದರ ಪರಿಣಾಮ ಇಳಿಸಬೇಕು. ಹೊಸ ಬಗೆಯ ರಕ್ತ ತೆಳು ಮಾಡುವ ಮಾತ್ರೆಗಳಿಗೆ ಬೇರೆ ದಾರಿ. ಯಾವುದು ಅಂತ ಗೊತ್ತಾಗದಿದ್ದರೆ ಡಾಕ್ಟರ್ ಕತ್ತಲಲ್ಲಿ ಕೈ ಆಡಿಸಿದ ಹಾಗೆ.

ಆದರೆ "ನಾನು ಡಾಕ್ಟರ್ ಮಾತಾಡ್ತಿರೋದು" ಅಂತ ಯಾರು ಬೇಕಾದರೂ ಹೇಳಬಹುದು. ಅದಕ್ಕೆ ನಾವು ಹೆಸರು ಕೇಳಿಕೊಂಡು ಫೋನ್ ಇಟ್ಟು, ಆಸ್ಪತ್ರೆಯ ನಂಬರನ್ನು ನಾವೇ ಹುಡುಕಿ ತಿರುಗಿ ಮಾಡುತ್ತೇವೆ. ಎರಡು ನಿಮಿಷದ ಕೆಲಸ. ಅವರು ಕೊಟ್ಟ ನಂಬರಿಗೆ ಅಲ್ಲ, ನಾವು ಹುಡುಕಿದ ನಂಬರಿಗೆ.

ಕ್ಷಯರೋಗವೂ ಹಾಗೇ. ಭಾರತದಲ್ಲಿ 2018ರಿಂದ ಟಿಬಿ ಔಷಧಿ ಕೊಟ್ಟ ಅಂಗಡಿಯವರೂ ಆರೋಗ್ಯ ಇಲಾಖೆಗೆ ತಿಳಿಸಬೇಕು. ಅದು ಗುಟ್ಟು ಬಯಲು ಮಾಡಿದ ಹಾಗಲ್ಲ, ಕಾನೂನಿನ ಕೆಲಸ. ಅದೇ ವಿಷಯವನ್ನು ಆ ರೋಗಿಯ ಮನೆ ಮಾಲೀಕನಿಗೆ ಹೇಳಿದರೆ ಅದು ದ್ರೋಹ. ಒಂದೇ ಮಾಹಿತಿ, ಕೇಳುವ ಕಿವಿ ಬೇರೆ.

ನೇರ ಮಾತು

ಸರಿ ಸರ್. ಇದನ್ನು ಆ ಅಂಗಡಿಯವನಿಗೆ ಕಲಿಸಿದವರು ಯಾರೂ ಇರಲಿಲ್ಲ ಅನ್ನಿ.

ಬಿಳಿ ಕೋಟು

ಅದೇ. "ಫೋನ್ ಎತ್ತಬೇಡ" ಅಂತ ಮಾತ್ರ ಹೇಳಿಸಿಕೊಂಡವನು ಮುಂದೆ ಡಾಕ್ಟರಿಗೂ ಹೇಳಲ್ಲ.

ಹಳೇ ಕಡತ

ಯಾರೂ ಹೇಳದ ಒಂದು ವಿಷಯ: ಕುತೂಹಲ. ಹೊರಗೆ ಹೇಳದೆ ಸುಮ್ನೆ ನೋಡುವುದು. ಪರಿಚಯದವರು ಬಂದು ಹೋದ ಮೇಲೆ "ಇವರಿಗೇನಾಗಿದೆ" ಅಂತ ಕಂಪ್ಯೂಟರಿನಲ್ಲಿ ಇಣುಕುವುದು.

ಅಮೆರಿಕದ ಇಂಡಿಯಾನಾದಲ್ಲಿ ವಾಲ್‌ಗ್ರೀನ್ಸ್ ಅಂಗಡಿಯ ಒಬ್ಬ ಫಾರ್ಮಸಿಸ್ಟ್ ತನ್ನ ಗಂಡನ ಹಳೇ ಗೆಳತಿಯ ಔಷಧಿ ದಾಖಲೆ ತೆಗೆದು ನೋಡಿದಳು. ವಿಷಯ ಗಂಡನವರೆಗೆ ಹೋಯಿತು. ಗಂಡ ಅದನ್ನೇ ಹಿಡಿದು ಆ ಗೆಳತಿಗೆ ಮೆಸೇಜ್ ಮಾಡಿದ. 2013ರಲ್ಲಿ ಜ್ಯೂರಿ 14.4 ಲಕ್ಷ ಡಾಲರ್ ಪರಿಹಾರ ಕೊಡಿಸಿತು, ಮಾರನೇ ವರ್ಷ ಮೇಲಿನ ಕೋರ್ಟೂ ಎತ್ತಿಹಿಡಿಯಿತು. "ಅವಳು ಮಾಡಿದ್ದಕ್ಕೆ ನಾವೇನು ಮಾಡೋಣ" ಅಂತ ಕಂಪನಿ ವಾದಿಸಿತು, ನಡೆಯಲಿಲ್ಲ. ಕೆಲಸಕ್ಕೆಂದು ಕೊಟ್ಟ ಕಂಪ್ಯೂಟರಿನಲ್ಲಿ, ಕೆಲಸದ ಹೊತ್ತಿನಲ್ಲಿ ನೋಡಿದ್ದು ಅದು.

ಅಲ್ಲಿ ನೋಡಿದ್ದು ಅವಳೇ ಅಂತ ಕೊನೆಗೆ ಗೊತ್ತಾಯಿತು. ಹೊಸ ಕೌಂಟರ್ ಅವರೇ, ನಿಮ್ಮಲ್ಲಿ ಎಷ್ಟು ಲಾಗಿನ್ ಇದೆ?

ಹೊಸ ಕೌಂಟರ್

ಒಂದೇ. ನಾಲ್ಕು ಜನ ಅದರಲ್ಲೇ ಕೆಲಸ ಮಾಡುತ್ತೇವೆ.

ಹಳೇ ಕಡತ

ಹಾಗಾದರೆ ನಾಳೆ ಬೇರೆ ಯಾರೋ ಇಣುಕಿದರೂ ನಿಮ್ಮ ತಲೆಗೇ ಬರಬಹುದು. ನಿಮ್ಮ ಒಳ್ಳೆಯದಕ್ಕಾದರೂ ಬೇರೆ ಲಾಗಿನ್ ಕೇಳಿ.

ಔಷಧಿ ತಗೊಳ್ಳೋಳು

ಇನ್ನೊಂದು ಕೇಳಬೇಕಿತ್ತು. ಅಂಗಡಿಯವರು ಬಸ್ಸಿನಲ್ಲಿ ಸಿಕ್ಕಾಗ "ಈಗ ಹೇಗಿದೀರಾ, ಮಾತ್ರೆ ಒಗ್ಗಿತಾ?" ಅಂತ ಎಲ್ಲರ ಮುಂದೆ ಕೇಳುತ್ತಾರಲ್ಲ, ಅದಕ್ಕೇನು ಮಾಡೋದು? ಪ್ರೀತಿಯಿಂದಲೇ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳಲೂ ಆಗಲ್ಲ.

ಬಿಳಿ ಕೋಟು

ಈ ತಪ್ಪು ನಾನೇ ಮಾಡಿದ್ದೇನೆ ಮೇಡಂ. ಈಗ ಹೊರಗೆ ಸಿಕ್ಕರೆ "ಚೆನ್ನಾಗಿದೀರಾ?" ಅಷ್ಟೇ. ಅವರಾಗಿ ಮಾತ್ರೆಯ ವಿಷಯ ತೆಗೆದರೆ ಸರಿ, ನಾನಾಗಿ ತೆಗೆಯಲ್ಲ. ಜೊತೆಯಲ್ಲಿ ಬೇರೆಯವರಿದ್ದರೆ ಮೊದಲು ಅವರೇ ನಗಲಿ ಅಂತ ಕಾಯುತ್ತೇನೆ. ಕೆಲವರು ನಗಲ್ಲ. ನಾನೂ ನೋಡದ ಹಾಗೆ ಹೋಗುತ್ತೇನೆ.

ಹೊಸ ಕೌಂಟರ್

ಈಗ ಕಡೇ ಪ್ರಶ್ನೆ. ಆ ಗಂಡನಿಗೆ ನಾನೇನು ಮಾಡಬೇಕು? ಹೆಂಡತಿಗೆ ಫೋನ್ ಮಾಡಿ "ಅದು ತಲೆನೋವಿಗೆ ಕೊಟ್ಟಿದ್ದು" ಅಂತ ಸರಿಪಡಿಸಲಾ?

ಕಾನೂನು ಕಣ್ಣು

ಬೇಡವೇ ಬೇಡ! ಅದು ಎರಡನೇ ಸಲ ಹೇಳಿದ ಹಾಗಾಗುತ್ತದೆ.

ಏನು, ಯಾವಾಗ, ಯಾರಿಗೆ ಹೇಳಿದಿರಿ ಅಂತ ಈಗಲೇ ಬರೆದಿಡಿ. ನೆನಪು ದಿನಕ್ಕೊಂದು ಬಣ್ಣ ಹಚ್ಚುತ್ತದೆ. ಅದನ್ನು ಓನರಿಗೆ ಕೊಡಿ. ರೋಗಿಗೆ ನೇರವಾಗಿ ಹೇಳಿ: ನಾನು ಹೇಳಬಾರದಿತ್ತು, ಹೇಳಿದ್ದು ಇಷ್ಟು, ಇನ್ನು ಮುಂದೆ ಹೀಗಾಗದಂತೆ ಇಂಥದ್ದು ಮಾಡಿದ್ದೇವೆ. ನೆಪ ಬೇಡ. ಜಿಡಿಪಿಆರ್ ಇರುವ ಕಡೆ ಅಪಾಯ ಆಗಬಹುದಾದ ಸೋರಿಕೆಯನ್ನು 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು. ನಿಮ್ಮ ಕಡೆ ನಿಯಮ ಏನೇ ಇರಲಿ, ಬೇಗ ಹೇಳುವುದು ಒಳ್ಳೆಯದು.

ಹೊಸ ಕೌಂಟರ್

(ಹತ್ತು ದಿನದ ಮೇಲೆ)

ಅವರು ಮತ್ತೆ ಬಂದಿದ್ದರು. ನಾನು ಹೇಳಿದೆ. ಕಾನೂನು ಕಣ್ಣು ಅವರು ಬರೆದ ಕ್ರಮದಲ್ಲೇ ಹೇಳಬೇಕು ಅಂತ ಇದ್ದೆ, ಮಧ್ಯೆ ಗಂಟಲು ಕಟ್ಟಿತು. ಅವರು "ಆಯ್ತು ಬಿಡಮ್ಮ" ಅಂದು ಚೀಟಿ ಮುಂದೆ ಇಟ್ಟರು. ಈ ಸಲ ಮೂರು ತಿಂಗಳಿಗೆ ಬರೆಸಿಕೊಂಡು ಬಂದಿದ್ದರು. ಮನೆಯಲ್ಲಿ ಏನಾಯಿತು ಅಂತ ನಾನು ಕೇಳಲಿಲ್ಲ. ತುಂಬಾ ಆಸೆ ಇತ್ತು, ಕೇಳಲಿಲ್ಲ. ಪಟ್ಟಿ ಅವರ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದೆ.

ಎಚ್‌1 ರಿಜಿಸ್ಟರ್ ಈಗ ಡ್ರಾಯರಿನಲ್ಲಿದೆ. ಫೋನಿನ ಪಕ್ಕ ಬಿಳಿ ಕೋಟು ಸರ್ ಹೇಳಿದ ಉತ್ತರ ಬರೆದು ಇಟ್ಟಿದ್ದೇವೆ. ನನಗೆ ಫೋನ್ ಎತ್ತಲು ಮತ್ತೆ ಅನುಮತಿ ಸಿಕ್ಕಿದೆ. ನಾಲ್ಕು ಜನಕ್ಕೂ ಬೇರೆ ಬೇರೆ ಲಾಗಿನ್ ಬಂತು. ಆದರೆ ನಮ್ಮ ಓನರ್ ನಾಲ್ಕು ಪಾಸ್‌ವರ್ಡನ್ನೂ ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದಾರೆ, ಮರೆತುಹೋಗುತ್ತದಂತೆ.

ಹಳೇ ಕಡತ

ಅಯ್ಯೋ ದೇವರೇ.

ನೇರ ಮಾತು

ಅದರ ಫೋಟೋ ಮಾತ್ರ ಇಲ್ಲಿ ಹಾಕಬೇಡಿ.